ಹಿಡಿದು ಬಿಟ್ಟ ಮೀನು



ತಿನ್ನಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲ, ಕೇವಲ ಹಿಡಿಯುವ ಸಂತೋಷಕ್ಕಾಗಿ ಒಂದು ಮೀನನ್ನು ಹಿಡಿದು, ಮತ್ತೆ ಅದನ್ನು ನೀರಿಗೇ ಬಿಡುವುದು ಸರಿಯೇ? ಈ ಪ್ರಶ್ನೆ ಮೊದಲ ನೋಟಕ್ಕೆ ಸಣ್ಣದೆನಿಸಬಹುದು. ಮಳೆ ಬೆಳೆ, ಸಾಲ ಸೋಲ, ಮಕ್ಕಳ ಓದು ಇವುಗಳ ನಡುವೆ ಮೀನಿನ ಚಿಂತೆ ಏಕೆಂದು ತಾವು ಕೇಳಬಹುದು. ಆದರೆ ಸಣ್ಣ ಪ್ರಶ್ನೆಯೊಂದನ್ನು ಕೈಬಿಡದೆ ಹಿಂಬಾಲಿಸಿದರೆ ಅದು ನಮ್ಮನ್ನು ನಮ್ಮದೇ ಮನೆಯ ಬಾಗಿಲಿಗೆ ತಂದು ನಿಲ್ಲಿಸುವುದುಂಟು. ಇದು ಅಂಥ ಪ್ರಶ್ನೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲೋ ಯುರೋಪಿನಲ್ಲೋ ನ್ಯೂಜಿಲೆಂಡಿನಲ್ಲೋ ದುಡಿಯುತ್ತಿದ್ದಾರೆ. ರಜೆ ಬಂದಾಗ ಹತ್ತಾರು ಮಂದಿ ಗೆಳೆಯರು ಸೇರಿ, ಹಣ ಕಟ್ಟಿ, ಮಾರ್ಗದರ್ಶಕನೊಬ್ಬನ ಹಿಂದೆ ಬೆಟ್ಟದ ತಣ್ಣನೆಯ ಹೊಳೆಗೆ ಇಳಿಯುವುದು ಅಲ್ಲಿ ಒಂದು ಗೌರವದ ಹವ್ಯಾಸ. ಅಲ್ಲಿ ಸಿಗುವ ಮೀನಿಗೆ ಟ್ರೌಟ್ ಎಂದು ಹೆಸರು. ಮೈಮೇಲೆ ಚುಕ್ಕೆಗಳುಳ್ಳ ಆ ಮೀನನ್ನು ಎರಡು ಕೈಗಳಲ್ಲಿ ಹಿಡಿದು ನಗುವ ಮಗನ ಚಿತ್ರ ಊರಿನ ಮನೆಯ ಮೊಬೈಲಿಗೆ ಬರುತ್ತದೆ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕುಳಿತ ಅಜ್ಜಿ ಅದನ್ನು ನೋಡಿ, "ಸಾರು ಮಾಡಿದ್ರೇನಪಾ?" ಎಂದು ಕೇಳಿದರೆ, "ಇಲ್ಲಜ್ಜಿ, ಬಿಟ್ಟುಬಿಟ್ವಿ" ಎಂಬ ಉತ್ತರ. "ತಿನ್ನೂದಿಲ್ಲಂದ್ರ ಹಿಡ್ಯೂದ್ಯಾಕ?" ಎಂದು ಅಜ್ಜಿ ಮತ್ತೆ ಕೇಳುವುದು ಸಹಜ. ನೀತಿಶಾಸ್ತ್ರದ ಪಂಡಿತರು ಪುಟಗಟ್ಟಲೆ ಬರೆದ ವಿಷಯವನ್ನು ಆಕೆ ಒಂದೇ ಮಾತಿನಲ್ಲಿ ಹೇಳಿರುತ್ತಾಳೆ.

ನಮ್ಮ ಸೀಮೆಯ ಮಟ್ಟಿಗೆ ಮೀನು ಹಿಡಿಯುವುದೆಂದರೆ ಹೊಟ್ಟೆಯ ಮಾತು. ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಹಾವೇರಿಯ ನೆಲವನ್ನು ದಾಟಿಬರುವ ವರದೆ ಗಳಗನಾಥದಲ್ಲಿ ಅವಳನ್ನು ಕೂಡುತ್ತಾಳೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ ದೋಣಿ ನಡೆಸಿದ್ದು ಇದೇ ಹೊಳೆಯ ದಂಡೆಯ ಚೌಡದಾನಪುರದ ಆಸುಪಾಸಿನಲ್ಲಿ ಎಂದು ಜನ ನಂಬಿದ್ದಾರೆ. ಈ ದಂಡೆಗಳಲ್ಲಿ ಬಲೆ ಬೀಸುವವರು ಬಾಳೆಮೀನು, ಕೊರವ, ಕಟ್ಲಾ, ರೋಹುಗಳನ್ನು ಹಿಡಿದು ಸಂತೆಗೆ ತರುತ್ತಾರೆ. ತಿನ್ನುವವರು ಕೊಳ್ಳುತ್ತಾರೆ, ತಿನ್ನದವರು ದೂರ ಸರಿಯುತ್ತಾರೆ. ಆದರೆ ಇಬ್ಬರಿಗೂ ವ್ಯವಹಾರ ಅರ್ಥವಾಗುತ್ತದೆ. ಅರ್ಥವಾಗದಿರುವುದು ಮೂರನೆಯದು: ಮೀನಿನೊಡನೆ ಆಡುವ ಆಟ.

ಆ ಆಟವನ್ನು ತೀರ್ಪು ನೀಡುವ ಮೊದಲು ತಿಳಿದುಕೊಳ್ಳುವುದು ನ್ಯಾಯ. ಟ್ರೌಟ್ ಮೀನು ನೀರಿನ ಮೇಲೆ ಹಾರಾಡುವ ಸಣ್ಣ ಹುಳುಗಳನ್ನೂ ನೀರಿನೊಳಗೆ ಬೆಳೆಯುವ ಅವುಗಳ ಮರಿಗಳನ್ನೂ ತಿಂದು ಬದುಕುತ್ತದೆ. ಬೇಟೆಗಾರನು ಹಕ್ಕಿಯ ಗರಿ, ರೇಷ್ಮೆಯ ದಾರ, ಪ್ರಾಣಿಯ ರೋಮಗಳನ್ನು ಪುಟ್ಟ ಕೊಕ್ಕೆಗೆ ಸುತ್ತಿ ಆ ಹುಳುವಿನ ನಕಲನ್ನು ಮಾಡುತ್ತಾನೆ. ಅದಕ್ಕೆ ತೂಕವಿಲ್ಲದ ಕಾರಣ ಎಸೆಯಲು ಬರುವುದಿಲ್ಲ. ದಾರದ ತೂಕವನ್ನೇ ಗಾಳಿಯಲ್ಲಿ ಬೀಸಿ ಬೀಸಿ, ಹುಳು ತಾನಾಗಿ ಇಳಿದಂತೆ ನೀರಿನ ಮೇಲೆ ಇಳಿಸಬೇಕು. ಯಾವ ತಿಂಗಳಲ್ಲಿ ಯಾವ ಹುಳು ಏಳುತ್ತದೆ, ಯಾವ ಕಲ್ಲಿನ ಹಿಂದೆ ಮೀನು ನಿಲ್ಲುತ್ತದೆ ಎಂಬುದನ್ನು ಬಲ್ಲವನೇ ಮಾರ್ಗದರ್ಶಕ. ಅವನ ಜೊತೆ ಒಂದು ದಿನ ಕಳೆದವನು ಹೊಳೆಯನ್ನು ಹೊಸ ಕಣ್ಣಿನಿಂದ ನೋಡತೊಡಗುತ್ತಾನೆ.

ಬಿಡುವುದಕ್ಕೂ ಶಿಸ್ತಿದೆ. ಕೊಕ್ಕೆಗೆ ಹಿಂಮುಳ್ಳು ಇರಬಾರದು. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆಯಾಗಬೇಕು, ಏಕೆಂದರೆ ಅದರ ಮೈಮೇಲಿನ ಲೋಳೆಯೇ ರೋಗದಿಂದ ಅದನ್ನು ಕಾಯುವ ಹೊದಿಕೆ. ಒಣಗಿದ ಕೈ ಅದನ್ನು ಒರೆಸಿಬಿಡುತ್ತದೆ. ನೀರಿನಿಂದ ಹೊರಗೆ ಹೆಚ್ಚು ಹೊತ್ತು ಇಡಬಾರದು. ಬಿಡುವಾಗ ಹರಿವಿಗೆ ಮುಖಮಾಡಿಸಿ, ಅದು ಚೇತರಿಸಿಕೊಳ್ಳುವವರೆಗೆ ಆಸರೆ ಕೊಡಬೇಕು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಟ್ರೌಟ್‌ಗೆ ಉಸಿರಾಟ ಕಷ್ಟ. ಒಳ್ಳೆಯ ಮಾರ್ಗದರ್ಶಕರು ಅಂಥ ದಿನ ಗಾಳವನ್ನು ಮಡಚಿಡುತ್ತಾರೆ. ಬೇಟೆಯ ಮೀನು ಒಮ್ಮೆ ಮಾತ್ರ ಹಿಡಿದು ಮುಗಿಸಲಾಗದಷ್ಟು ಬೆಲೆಯುಳ್ಳದ್ದು ಎಂಬ ವಿಚಾರವನ್ನು ಅಮೆರಿಕದ ಲೀ ವುಲ್ಫ್ 1939ರಲ್ಲಿ ಪ್ರತಿಪಾದಿಸಿದರು. ಅಲ್ಲಿಂದ ಈ ಪದ್ಧತಿ ಜಗತ್ತಿನೆಲ್ಲೆಡೆ ಹರಡಿತು.

ಇದೆಲ್ಲ ಪರದೇಶದ ಶೋಕಿ ಎಂದು ಕೈತೊಳೆದುಕೊಳ್ಳುವಂತಿಲ್ಲ. ಬ್ರಿಟಿಷರು ತಮ್ಮ ಆಟಕ್ಕಾಗಿ ಟ್ರೌಟ್ ಮೀನನ್ನು ಕಾಶ್ಮೀರಕ್ಕೂ ನಮ್ಮ ನೆರೆಯ ನೀಲಗಿರಿಗೂ ತಂದು ಬಿಟ್ಟರು. ಕನ್ನಡನಾಡಿನಲ್ಲಂತೂ ಅದಕ್ಕಿಂತ ದೊಡ್ಡ ಮೀನೇ ಇತ್ತು: ಕಾವೇರಿಯ ಮಹಸೀರ್, ನಮ್ಮವರು ಬಿಳಿಮೀನು ಎನ್ನುವ ಮೀನು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರು ಭಾರತದಲ್ಲಿ ಗಾಳ ಹಾಕುವ ಬಗ್ಗೆ ಬರೆದ ಪ್ರಸಿದ್ಧ ಗ್ರಂಥ 1873ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರನ್ನು ಹಿಡಿದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಗಾಳಗಾರರ ತಂಡವೊಂದು ಕಾವೇರಿಯಲ್ಲಿ ಈ ದೈತ್ಯ ಮೀನು ಇನ್ನೂ ಇದೆಯೆಂದು ಜಗತ್ತಿಗೆ ಸಾರಿತು. ಮುಂದೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ವಿದೇಶದ ತಂಡಗಳು ಬರತೊಡಗಿದವು. ಅವರಿಗೆ ದಾರಿ ತೋರಿಸಿದವರು ಹೊಳೆಯ ದಂಡೆಯ ಹಳ್ಳಿಗಳವರು. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಹೌದು. ಹೀಗೆ, ಇಂದು ನಮ್ಮ ಮಕ್ಕಳು ಪರದೇಶದಲ್ಲಿ ಮಾಡುತ್ತಿರುವುದನ್ನೇ ಪರದೇಶದವರು ಇಲ್ಲಿ ಮಾಡಿದ್ದರು.

ಈಗ ಆಕ್ಷೇಪವನ್ನು ಕೇಳೋಣ. ಮೀನಿಗೆ ನೋವಾಗುವುದಿಲ್ಲ ಎಂದು ಗಾಳಗಾರರು ತಲೆತಲಾಂತರದಿಂದ ಹೇಳುತ್ತ ಬಂದರು. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸ್ಕಾಟ್ಲೆಂಡಿನಲ್ಲಿ ಕಾಮನಬಿಲ್ಲಿನ ಬಣ್ಣದ ಟ್ರೌಟ್ ಮೀನುಗಳನ್ನು ಪರೀಕ್ಷಿಸಿದರು. ಗಾಯ, ಸುಡುವಿಕೆಯಂಥ ಹಾನಿಯನ್ನು ಗ್ರಹಿಸುವ ನರತುದಿಗಳು ಮೀನಿನ ಮುಖದಲ್ಲಿರುವುದು ಕಂಡುಬಂತು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಮೀನುಗಳು ಮೇವು ಬಿಟ್ಟವು. ಕೆಲವು ತೊಟ್ಟಿಯ ತಳದ ಕಲ್ಲುಗಳಿಗೆ ತುಟಿಯನ್ನು ಉಜ್ಜಿಕೊಂಡವು. ಇದಕ್ಕೆ ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಮನುಷ್ಯನಲ್ಲಿ ನೋವಿನ ಅರಿವಿಗೆ ಬೇಕಾದ ಮಿದುಳಿನ ಹೊರಪದರ ಮೀನಿಗಿಲ್ಲ, ಆದ್ದರಿಂದ ಅದು ನಮ್ಮಂತೆ ನೋವನ್ನು ಅನುಭವಿಸಲಾರದು ಎಂಬುದು ಅವರ ವಾದ. ಚರ್ಚೆ ಮುಗಿದಿಲ್ಲ. ಆದರೂ ಸ್ವಿಟ್ಜರ್ಲೆಂಡ್ 2009ರಿಂದ, ಬಿಟ್ಟುಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ಜರ್ಮನಿಯ ಕಾನೂನು ಪ್ರಾಣಿಗೆ ನೋವು ಕೊಡಲು ತಕ್ಕ ಕಾರಣ ಬೇಕೆನ್ನುತ್ತದೆ. ಆಟ ಅಂಥ ಕಾರಣವಾಗದು ಎಂದು ಅಲ್ಲಿ ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ.

ಈ ಕಾನೂನುಗಳನ್ನು ಸ್ವಲ್ಪ ನಿಂತು ನೋಡಿ. ಕೊಂದು ತಿನ್ನುವವನನ್ನು ಅವು ಬಿಡುತ್ತವೆ; ಬದುಕಿಸಿ ಬಿಡುವವನನ್ನು ತಡೆಯುತ್ತವೆ. ವಿಚಿತ್ರವೆನಿಸುತ್ತದೆ, ಅಲ್ಲವೇ? ಆದರೆ ಅಜ್ಜಿಯ ತರ್ಕವೂ ಇದೇ ಆಗಿತ್ತು. ಹಸಿವು ಒಂದು ಕಾರಣ. ಅದನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಮೀನಿನ ಪ್ರಾಣವನ್ನು ಇನ್ನೊಂದರಲ್ಲಿಟ್ಟು ತೂಗಬಹುದು. ಬಿಟ್ಟುಬಿಡುವವನು ತನ್ನ ತಟ್ಟೆಯಲ್ಲಿ ಇಡುವುದು ತನ್ನ ಸಂತೋಷವನ್ನು ಮಾತ್ರ. "ನಾನು ಬಿಟ್ಟೆನಲ್ಲ" ಎಂದು ಅವನು ಕರುಣೆಯ ಮಾತನಾಡಿದರೆ, "ಹಿಡಿದವನೂ ನೀನೇ ಅಲ್ಲವೇ" ಎಂದು ಕೇಳಬೇಕಾಗುತ್ತದೆ. ತಾನೇ ಕೊಟ್ಟ ಸಂಕಟದಿಂದ ತಾನೇ ಬಿಡುಗಡೆ ಮಾಡುವುದು ಔದಾರ್ಯವಾಗದು. ಮೀನಿಗೆ ನೋವಿದೆಯೋ ಇಲ್ಲವೋ ಎಂಬ ಸಂದೇಹ ಉಳಿದಿರುವಾಗ, ಆ ಸಂದೇಹದ ಲಾಭ ಆಟವಾಡುವವನಿಗಿಂತ ಬಾಯಿಗೆ ಕೊಕ್ಕೆ ಸಿಕ್ಕಿಸಿಕೊಂಡ ಜೀವಕ್ಕೇ ಸಲ್ಲಬೇಕು ಎಂದು ನನಗೆ ತೋರುತ್ತದೆ.

ಇಲ್ಲಿಗೆ ಲೇಖನ ಮುಗಿಸಿದ್ದರೆ ನಮಗೆಲ್ಲ ನೆಮ್ಮದಿಯಾಗುತ್ತಿತ್ತು. ಆದರೆ ಕಾವೇರಿಯ ಕಥೆ ಅಷ್ಟು ಸರಳವಾಗಿ ಮುಗಿಯಲಿಲ್ಲ.

ಆ ಶಿಬಿರಗಳಿದ್ದ ಭಾಗ 1987ರಲ್ಲಿ ಕಾವೇರಿ ವನ್ಯಜೀವಿ ಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ. ಈ ನೆಲೆಯಲ್ಲಿ 2012ರ ಹೊತ್ತಿಗೆ ಧಾಮದೊಳಗೆ ಗಾಳದ ಆಟ ನಿಂತಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ ಇರಬಹುದು. ಆದರೆ ಗಾಳಗಾರರ ಅಳಲು ಬೇರೆ: "ನಾವಿದ್ದಾಗ ಹೊಳೆಗೆ ಕಾವಲಿತ್ತು. ಸಿಡಿಮದ್ದು ಹಾಕಿ ಮೀನು ಕೊಲ್ಲುವವರು ಹೆದರುತ್ತಿದ್ದರು. ನಾವು ಹೋದೆವು, ಮದ್ದು ಬಂತು." ಇದು ಅವರ ಸ್ವಾರ್ಥದ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಅವರ ಬಳಿ ಇನ್ನೊಂದು ವಸ್ತುವಿತ್ತು, ಅದನ್ನು ತಳ್ಳಿಹಾಕಲಾಗದು. ಅದು ಒಂದು ದಿನಚರಿ. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಎಷ್ಟು ಮೀನು ಸಿಕ್ಕವು, ಅವುಗಳ ತೂಕವೆಷ್ಟು ಎಂದು ಬರೆದಿಟ್ಟಿದ್ದರು: 23,620 ಗಂಟೆಗಳ ಶ್ರಮ, 6,161 ಮಹಸೀರ್ ಮೀನುಗಳು.

ವಿಜ್ಞಾನಿಗಳು ಆ ಪುಟಗಳನ್ನು ಓದಿದಾಗ ಬೆಚ್ಚಿಬಿದ್ದರು. ಒಟ್ಟು ಸಂಖ್ಯೆಯಲ್ಲಿ ಮಹಸೀರ್ ಹೆಚ್ಚುತ್ತಿತ್ತು, ನಿಜ. ಆದರೆ ಹೆಚ್ಚುತ್ತಿದ್ದುದು ನೀಲಿ ರೆಕ್ಕೆಯ ಮಹಸೀರ್, ಹೊರಗಿನಿಂದ ಬಂದದ್ದು. ಕಾವೇರಿಯ ಸ್ವಂತ ಮಗುವಾದ, ಬೆನ್ನುಬ್ಬಿದ ಮಹಸೀರ್ ಮಾಯವಾಗುತ್ತಿತ್ತು. ಆ ನೀಲಿ ರೆಕ್ಕೆಯ ಮೀನು ಬಂದದ್ದು ಹೇಗೆ? ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು ನದಿಯಲ್ಲಿ ಮೀನು ಹೆಚ್ಚಲಿ ಎಂಬ ಸದುದ್ದೇಶದಿಂದಲೇ ತಂದು ಬಿಡಲಾಗಿತ್ತು. ಬೆನ್ನುಬ್ಬಿದ ಮಹಸೀರಿಗೆ ಅದರ ಸರಿಯಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ನೂರೈವತ್ತು ವರ್ಷ ಜಗತ್ತಿನ ಗಾಳಗಾರರು ಹಾಡಿಹೊಗಳಿದ ಮೀನಿಗೆ ಹೆಸರಿಡುವ ಹೊತ್ತಿಗೆ ಅದು ಸಾವಿನ ಹಾಸಿಗೆಯಲ್ಲಿತ್ತು.

ಇದರಿಂದ ನಾವು ಕಲಿಯುವುದು ಎರಡು ಪಾಠ. ಮೊದಲನೆಯದು, ಒಳ್ಳೆಯ ಮನಸ್ಸೊಂದೇ ಸಾಲದು. ಮೀನನ್ನು ನದಿಗೆ ಬಿಡುವುದೂ ಕೂಡ ಕೆಲವೊಮ್ಮೆ ಹಾನಿಯಾಗಬಹುದು. ಎಲ್ಲಿಗೆ ಏನನ್ನು ಬಿಡುತ್ತೇವೆ ಎಂಬ ಜ್ಞಾನ ಬೇಕು. ಎರಡನೆಯದು, ಆ ಮೀನಿನ ಕಣ್ಮರೆಯನ್ನು ಜಗತ್ತಿಗೆ ತಿಳಿಸಿದ್ದು ಮೀನಿನ ಬಗ್ಗೆ ಕರುಣೆಯ ಉಪನ್ಯಾಸ ಮಾಡುವವರಲ್ಲ. ಅದರ ಬಾಯಿಗೆ ಕೊಕ್ಕೆ ಹಾಕಿದವರ ದಿನಚರಿ. ಅವರ ಆಟದಲ್ಲಿ ತಪ್ಪಿತ್ತು ಎಂದೇ ಇಟ್ಟುಕೊಳ್ಳೋಣ. ಆದರೆ ಅವರು ಹೊಳೆಯ ಕಡೆ ನೋಡುತ್ತಿದ್ದರು, ಎಣಿಸುತ್ತಿದ್ದರು, ಬರೆದಿಡುತ್ತಿದ್ದರು. ನಾವು?

ಈ ಪ್ರಶ್ನೆಯೇ ನಮ್ಮನ್ನು ಮನೆಯ ಬಾಗಿಲಿಗೆ ತರುತ್ತದೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ದೊಡ್ಡ ದೊಡ್ಡ ಮೀನುಗಳಿಗೆ ಯಾತ್ರಿಕರು ಮಂಡಕ್ಕಿ ಹಾಕುವುದನ್ನು ತಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅಲ್ಲಿ ಅವುಗಳಿಗೆ ಯಾರೂ ಕೇಡು ಬಗೆಯುವುದಿಲ್ಲ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಹರಿಹರವನ್ನು ದಾಟಿ ನಮ್ಮ ರಾಣೆಬೆನ್ನೂರು ತಾಲ್ಲೂಕಿಗೆ ಬರುತ್ತಾಳೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಮರದ ತಿರುಳಿನಿಂದ ಕೃತಕ ನೂಲಿನ ಕಚ್ಚಾವಸ್ತುವನ್ನು ತಯಾರಿಸುವ ಕಾರ್ಖಾನೆ ಆರಂಭವಾಯಿತು. ಸಾವಿರಾರು ಮಂದಿಗೆ ಅನ್ನವಾಯಿತು, ಅದನ್ನು ಮರೆಯಲಾಗದು. ಆದರೆ 1980ರ ದಶಕದಲ್ಲಿ ಹೊಳೆಯ ನೀರು ಕೆಟ್ಟಿತು, ಮೀನುಗಳು ಸತ್ತು ತೇಲಿದವು, ಕೆಳದಂಡೆಯ ಮೀನುಗಾರರ ಬದುಕು ಕೆಟ್ಟಿತು ಎಂಬ ಕೂಗು ಎದ್ದಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟವನ್ನು ಹಿರಿಯರು ಬಲ್ಲರು. ಯಾರ ತಪ್ಪು ಎಷ್ಟು ಎಂಬ ಲೆಕ್ಕ ಈ ಬರಹದ ಕೆಲಸವಲ್ಲ. ಇಲ್ಲಿ ಕೇಳಬೇಕಾದುದು ಇಷ್ಟೇ: ಸತ್ತು ತೇಲಿದ ಆ ಮೀನುಗಳ ಬಾಯಲ್ಲಿ ಯಾರ ಕೊಕ್ಕೆಯೂ ಇರಲಿಲ್ಲ. ಅವುಗಳಿಂದ ಯಾರೂ ಸಂತೋಷವನ್ನೂ ಪಡೆಯಲಿಲ್ಲ. ನಯವಾದ ಅಂಗಿ ತೊಟ್ಟು ಮದುವೆಗೆ ಹೋದವರಿಗೆ, ಆ ನೂಲಿನ ಹಿಂದೆ ಒಂದು ಹೊಳೆಯಿದೆ ಎಂಬ ನೆನಪೂ ಇರಲಿಲ್ಲ.

ಕಾರ್ಖಾನೆಯೊಂದನ್ನೇ ಏಕೆ ದೂರಬೇಕು? ಊರುಗಳ ಚರಂಡಿ ಹೋಗುವುದು ಹೊಳೆಗೇ. ನಮ್ಮ ಮನೆಗಳ ಗೋಡೆ ಎದ್ದದ್ದು ಹೊಳೆಯ ಮರಳಿನಿಂದ. ಮರಳು ಹೋದ ಕಡೆ ಮೀನು ಮೊಟ್ಟೆಯಿಡುವ ನೆಲೆಯೂ ಹೋಗುತ್ತದೆ. ಹೊಲಕ್ಕೆ ಸುರಿದ ಔಷಧಿ ಮೊದಲ ಮಳೆಗೆ ಹಳ್ಳ ಸೇರಿ, ಹಳ್ಳ ವರದೆಯನ್ನು ಸೇರುತ್ತದೆ. ಇದರಲ್ಲಿ ಯಾವುದನ್ನೂ ನಾವು ಕ್ರೌರ್ಯದಿಂದ ಮಾಡಲಿಲ್ಲ. ನೋಡದೆ ಮಾಡಿದೆವು. ಹೊಳೆಯೊಳಗಿನ ಜೀವಕ್ಕೆ ಮಾತ್ರ ಈ ಎರಡರ ನಡುವೆ ವ್ಯತ್ಯಾಸವಿಲ್ಲ.

ನಮ್ಮ ಧರ್ಮಗ್ರಂಥದಲ್ಲಿ ಮೀನುಗಾರರಿಗೆ ಇರುವ ಸ್ಥಾನ ತಮಗೆ ತಿಳಿದದ್ದೇ. ಪ್ರಭು ಯೇಸು ಮೊದಲು ಕರೆದವರು ಗಲಿಲೇಯದ ಬಲೆಗಾರರನ್ನು. ಅವರು ರಾತ್ರಿಯಿಡೀ ದುಡಿದದ್ದು ಹೊಟ್ಟೆಗಾಗಿ, ವಿನೋದಕ್ಕಾಗಿ ಅಲ್ಲ. ಶುಭಸಂದೇಶಗಳಲ್ಲಿ ಗಾಳದ ಮಾತು ಬರುವುದು ಒಂದೇ ಕಡೆ: ದೇವಾಲಯದ ತೆರಿಗೆ ಕೊಡಲು ಪೇತ್ರನು ಗಾಳ ಹಾಕಿ ಹಿಡಿದ ಮೀನಿನ ಬಾಯಲ್ಲಿ ನಾಣ್ಯ ಸಿಗುವ ಪ್ರಸಂಗ, ಮತ್ತಾಯನ ಬರಹದಲ್ಲಿ. ಅಲ್ಲಿಯೂ ಹಿಡಿದದ್ದಕ್ಕೆ ಒಂದು ಅಗತ್ಯವಿತ್ತು, ಒಂದು ಋಣ ತೀರಿಸಬೇಕಿತ್ತು. 2015ರಲ್ಲಿ ದಿವಂಗತ ಪೋಪ್ ಫ್ರಾನ್ಸಿಸರು ಭೂಮಿಯ ಪಾಲನೆಯನ್ನು ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ, ಇತರ ಜೀವಿಗಳಿಗೆ ನಮ್ಮ ಉಪಯೋಗವನ್ನು ಮೀರಿ ದೇವರ ಕಣ್ಣಿನಲ್ಲಿ ಸ್ವಂತ ಬೆಲೆಯಿದೆ ಎಂದು ಒತ್ತಿ ಹೇಳಿದರು. ಈ ಮಾತು ಗಾಳಗಾರನಿಗೆ ಅನ್ವಯಿಸುತ್ತದೆ. ಗಾಳ ಹಿಡಿಯದ ನಮಗೂ ಅಷ್ಟೇ ಅನ್ವಯಿಸುತ್ತದೆ. ಮೀನು ನನ್ನ ತಟ್ಟೆಗಾಗಿ ಇಲ್ಲವೆಂದರೆ ನನ್ನ ಆಟಕ್ಕಾಗಿಯೂ ಇಲ್ಲ, ನನ್ನ ಅಂಗಿಗಾಗಿ ಸಾಯಲಿಕ್ಕೂ ಇಲ್ಲ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಸಂತೋಷಕ್ಕಾಗಿಯೇ ಹಿಡಿಯುವುದನ್ನು ಪೂರ್ಣವಾಗಿ ಸಮರ್ಥಿಸಲು ನನಗೆ ಕಾರಣ ಸಿಗಲಿಲ್ಲ. ಬಿಟ್ಟುಬಿಡುವುದರಿಂದ ಹಿಡಿದ ತಪ್ಪು ಅಳಿಸಿಹೋಗುವುದಿಲ್ಲ. ಆದರೆ ಆ ಸಂತೋಷ ಒಂದು ಸಾಲವನ್ನು ಹುಟ್ಟಿಸುತ್ತದೆ, ಅದನ್ನು ತೀರಿಸುವ ದಾರಿಯೂ ಇದೆ. ಮೀನನ್ನು ಬಿಟ್ಟರೆ ಸಾಲದು, ಮೀನು ಬದುಕುವಂಥ ಹೊಳೆಯನ್ನೂ ಅದಕ್ಕೆ ಬಿಟ್ಟುಕೊಡಬೇಕು. ಕಾವೇರಿಯ ದಂಡೆಯಲ್ಲಿ ಕಾವಲು ಕಾಯ್ದವರೂ ಲೆಕ್ಕ ಬರೆದಿಟ್ಟವರೂ ಆ ಸಾಲದ ಸ್ವಲ್ಪ ಭಾಗವನ್ನು ತೀರಿಸಿದರು. ವರ್ಷಕ್ಕೊಮ್ಮೆ ಹಣ ಕಟ್ಟಿ, ಹಿಡಿದು, ಚಿತ್ರ ತೆಗೆಸಿಕೊಂಡು, ಆ ಹೊಳೆಯನ್ನೇ ಮರೆಯುವವನು ಏನನ್ನೂ ತೀರಿಸಲಿಲ್ಲ. ಪರದೇಶದಲ್ಲಿರುವ ಮಗನಿಗೆ ಬುದ್ಧಿ ಹೇಳುವುದಾದರೆ ಬೈಯಬೇಡಿ. ನೀರು ತಣ್ಣಗಿತ್ತೇ, ಕೊಕ್ಕೆಗೆ ಹಿಂಮುಳ್ಳಿತ್ತೇ, ಉಳಿದ ದಿನಗಳಲ್ಲಿ ಆ ಹೊಳೆಗಾಗಿ ನೀನೇನು ಮಾಡುತ್ತೀ ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಅವನು ಉತ್ತರ ಹುಡುಕತೊಡಗಿದರೆ ಗಾಳ ತಾನಾಗಿಯೇ ಹಗುರಾಗುತ್ತದೆ. ಒಂದು ದಿನ ಅವನು ಅದನ್ನು ಮನೆಯಲ್ಲೇ ಬಿಟ್ಟು ಹೊಳೆಗೆ ಹೋದರೂ ಆಶ್ಚರ್ಯವಿಲ್ಲ.

ಆದರೆ ಅದೇ ಮೂರನೆಯ ಪ್ರಶ್ನೆಯನ್ನು ಅವನು ನಮ್ಮ ಕಡೆಗೆ ತಿರುಗಿಸಿದರೆ? ಹೊಳೆಯಿಂದ ಕುಡಿದವರು ನಾವು, ಬೆಳೆದವರು ನಾವು, ಮನೆ ಕಟ್ಟಿದವರು ನಾವು. ಬರುವ ಬೇಸಿಗೆಯಲ್ಲಿ, ತುಂಗಭದ್ರೆ ಅಲ್ಲಲ್ಲಿ ಮಡುಗಳಾಗಿ ಒಡೆದು ನಿಂತಾಗ, ಚೌಡದಾನಪುರಕ್ಕೋ ಗಳಗನಾಥಕ್ಕೋ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಗುಡಿಯ ಕೆತ್ತನೆಯನ್ನು ನೋಡಿದ ಮೇಲೆ ದಂಡೆಗೂ ಇಳಿಯಿರಿ. ನೀರಿನ ಬಣ್ಣವೇನು, ವಾಸನೆಯೇನು, ಮಡುವಿನಲ್ಲಿ ಮೀನು ಆಡುತ್ತಿವೆಯೇ ಎಂದು ನೋಡಿ. ಅಲ್ಲಿ ಬಲೆ ಒಣಗಿಸುತ್ತಿರುವವರು ಯಾರಾದರೂ ಸಿಕ್ಕರೆ, ಅವರ ತಂದೆಯ ಕಾಲದಲ್ಲಿ ಯಾವ ಯಾವ ಮೀನು ಸಿಗುತ್ತಿದ್ದವು ಎಂದು ಕೇಳಿ, ಆ ಹೆಸರುಗಳನ್ನು ಮಕ್ಕಳಿಂದ ಒಂದು ವಹಿಯಲ್ಲಿ ಬರೆಯಿಸಿ. ಮುಂದಿನ ವರ್ಷ ಮತ್ತೆ ಹೋಗಿ ಬರೆಯಿಸಿ. ಕಾವೇರಿಗೆ ಅಂಥದೊಂದು ವಹಿ ಇತ್ತು. ನಮ್ಮ ಹೊಳೆಗೂ ಒಂದು ಬೇಕಾಗಿದೆ.